ಮೂತಿಗೆ ಉಕ್ಕು ಕಟ್ಟಿದವರು

ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಯುರೋಪಿನ ರಸ್ತೆಗಳಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನಿಕರು ಮರದಿಂದ ಮರಕ್ಕೆ, ಸರಿಯಾಗಿ ಕುತ್ತಿಗೆಯ ಎತ್ತರಕ್ಕೆ, ತಂತಿ ಬಿಗಿದು ಹೋಗುತ್ತಿದ್ದರು. ಅಮೆರಿಕನ್ನರ ಜೀಪುಗಳೋ ಮುಂದಿನ ಗಾಜು ಮಡಚಿಕೊಂಡೇ ಓಡಾಡುತ್ತಿದ್ದವು. ಕತ್ತಲಲ್ಲಿ ತಂತಿ ಕಾಣುವುದೆಲ್ಲಿ? ಇದಕ್ಕೆ ಮದ್ದು ಅರೆದವರು ಸೈನ್ಯದ ರಿಪೇರಿಯವರು. ಒಂದು ಆಂಗಲ್ ಪಟ್ಟಿಯನ್ನು ಮುಂದಿನ ಬಂಪರ್ ಮೇಲೆ ನೆಟ್ಟಗೆ ನಿಲ್ಲಿಸಿ ವೆಲ್ಡ್ ಹೊಡೆದರು. ತಂತಿ ಸಿಕ್ಕಿಕೊಂಡು ತುಂಡಾಗಲೆಂದು ಅದರ ತುದಿಗೆ ಒಂದು ಕಚ್ಚು ಕೊಟ್ಟರು. ಹಳೆಯ ಯುದ್ಧದ ಫೋಟೊಗಳಲ್ಲಿ ಜೀಪಿನ ಮುಂದೆ ಕಂಬದಂತೆ ನಿಂತಿರುವುದು ಅದೇ.

ಜೀಪಿನ ಮೂತಿಗೆ ಕೈಯಾರೆ ಉಕ್ಕು ಕಟ್ಟುವ ಚಾಳಿಯ ಹುಟ್ಟೂರು ಯಾವುದೆಂದು ಕೇಳಿದರೆ ನಾನು ಬೆರಳು ತೋರಿಸುವುದು ಈ ಕಂಬದ ಕಡೆಗೆ. ಅಲ್ಲಿ ವೆಲ್ಡ್ ಹಿಡಿಯಲು ಕಾರಣವಿತ್ತು. ಆ ಕಾಲದ ಕಾರುಗಳ ಬಂಪರ್ ಕ್ರೋಮ್ ಬಳಿದ ಶೃಂಗಾರವಾಗಿದ್ದರೆ, ಜೀಪಿನದು ಚಾಸಿಸ್‌ನ ಎರಡು ಉದ್ದ ತೊಲೆಗಳಿಗೆ ಬೋಲ್ಟು ಹಾಕಿ ಬಿಗಿದ ಉಕ್ಕಿನ ಚಾನಲ್. ಅದನ್ನು ಹಿಡಿದು ಎಳೆಯಬಹುದಿತ್ತು, ಅದರಿಂದ ಇನ್ನೊಂದು ಗಾಡಿಯನ್ನು ನೂಕಬಹುದಿತ್ತು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮಹೀಂದ್ರಾ ಕಂಪನಿ ಮುಂಬೈಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದಾಗ ಆ ಚಾನಲ್ಲೂ ಜೊತೆಗೇ ಬಂತು. ಕೊಡಗು, ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲಿ ಜೀಪು ಗೊಬ್ಬರ ಹೊತ್ತಿತು, ಕಾಫಿ ಮೂಟೆ ಹೊತ್ತಿತು, ಒಳಗೆ ಜಾಗ ಸಾಲದಾದಾಗ ಬಂಪರ್ ಮೇಲೂ ಆಳುಗಳನ್ನು ಕೂರಿಸಿಕೊಂಡಿತು. ಆಷಾಢದ ಕೆಸರಿನಲ್ಲಿ ಹೂತರೆ ಹಗ್ಗ ಬೀಳುತ್ತಿದ್ದುದೂ ಅದಕ್ಕೇ. ಎಳೆದೆಳೆದು ಸೊಟ್ಟಗಾದ ಚಾನಲ್ಲನ್ನು ಪೇಟೆಯ ವೆಲ್ಡಿಂಗ್ ಅಂಗಡಿಗೆ ಒಯ್ದರೆ ಆತ ಅದೇ ಅಳತೆಗೆ ಇನ್ನೊಂದನ್ನು, ಸ್ವಲ್ಪ ದಪ್ಪನಾದದ್ದನ್ನು, ಮಾಡಿಕೊಡುತ್ತಿದ್ದ. ನಮ್ಮ ಕಡೆ ಕೈಯಾರೆ ಕಟ್ಟುವ ಬಂಪರ್ ಶೋಕಿಯಿಂದಲ್ಲ, ರಿಪೇರಿಯಿಂದ ಶುರುವಾದದ್ದು.

ಶೋಕಿ ಬಂದದ್ದು ಆಮೇಲೆ, ಅದೂ ಬಹುಪಾಲು ಆಸ್ಟ್ರೇಲಿಯಾದ ದಾರಿಯಿಂದ. ಅಲ್ಲಿ ಮುಸ್ಸಂಜೆಯಲ್ಲಿ ಕಾಂಗರೂ ಅಡ್ಡ ಹಾರುತ್ತದೆ, ರೇಡಿಯೇಟರ್ ಒಡೆದರೆ ಮುಂದಿನ ಊರು ನೂರಾರು ಕಿಲೋಮೀಟರ್ ದೂರ. ಹಾಗಾಗಿ ಅಲ್ಲಿ ಮೂತಿಯ ಮುಂದೆ ಕಟ್ಟುವ ಉಕ್ಕಿನ ಬುಲ್ ಬಾರ್ ಎಂದರೆ ಜೀವದ ಮಾತು. ಇಂದು ಜಗತ್ತಿಗೆಲ್ಲ ಬಂಪರ್ ಮಾರುವ ಎಆರ್‌ಬಿ ಕಂಪನಿ 1975ರಲ್ಲಿ ಮೆಲ್ಬರ್ನ್‌ನಲ್ಲಿ ಹುಟ್ಟಿದ್ದು ಈ ಅಗತ್ಯದಿಂದಲೇ. ಅದಕ್ಕೆ ಒಂದು ವರ್ಷ ಮೊದಲು ಅಮೆರಿಕದ ವಾರ್ನ್ ಕಂಪನಿ 8274 ಎಂಬ ವಿದ್ಯುತ್ ವಿಂಚ್, ಅಂದರೆ ಹಗ್ಗ ಸುತ್ತಿ ಎಳೆಯುವ ಯಂತ್ರ, ತಂದಿತ್ತು. ಗಾಡಿ ತನ್ನನ್ನು ತಾನೇ ಎಳೆದುಕೊಳ್ಳಬಹುದೆಂದಾದ ಮೇಲೆ, ಆ ಯಂತ್ರಕ್ಕೆ ಕೂರಲು ಗಟ್ಟಿ ಪೀಠ ಬೇಕಾಯಿತು. ಬಂಪರ್ ಪೀಠವಾಯಿತು. ವಿದೇಶದ್ದು ತರಿಸಿದರೆ ಸುಂಕ, ಸಾಗಣೆ ಸೇರಿ ಕೈ ಸುಡುತ್ತದೆ. ನಮ್ಮ ಹುಡುಗರು ಮತ್ತೆ ಅದೇ ವೆಲ್ಡಿಂಗ್ ಅಂಗಡಿಯ ಮುಂದೆ ನಿಂತರು.

ಅಲ್ಲಿ ಕೆಲಸ ಶುರುವಾಗುವುದು ರಟ್ಟಿನಿಂದ. ಫ್ರಿಜ್ಜು ಬಂದ ಡಬ್ಬವನ್ನು ಕತ್ತರಿಸಿ, ಗಾಡಿಯ ಮೂತಿಗೆ ಹಿಡಿದು, ಟೇಪು ಅಂಟಿಸಿ ಪೂರ್ತಿ ಬಂಪರನ್ನು ಮೊದಲು ರಟ್ಟಿನಲ್ಲೇ ಕಟ್ಟುತ್ತಾರೆ. ಚಕ್ರ ಪೂರ್ತಿ ತಿರುಗಿದಾಗ ತಾಗುತ್ತದೆಯೇ, ರೇಡಿಯೇಟರ್‌ಗೆ ಗಾಳಿ ಹೋಗುತ್ತದೆಯೇ ಎಂಬುದೆಲ್ಲ ತೀರ್ಮಾನವಾಗುವುದು ಇಲ್ಲಿಯೇ. ಗಾಡಿ ಏರು ಹತ್ತುವಾಗ ಮೂತಿ ನೆಲಕ್ಕೆ ತಾಗದ ಕೋನವೂ ಅಷ್ಟೇ. ಮಾರುತಿ ಜಿಮ್ನಿಗೆ ಕಂಪನಿ ಕೊಟ್ಟಿರುವ ಆ ಕೋನ 36 ಡಿಗ್ರಿ. ಅಂದಕ್ಕೆಂದು ಬಂಪರನ್ನು ಕೆಳಗಿಳಿಸಿದವನು ಆ ಡಿಗ್ರಿಗಳನ್ನು ದುಡ್ಡು ಕೊಟ್ಟು ಕಳೆದುಕೊಳ್ಳುತ್ತಾನೆ.

ರಟ್ಟಿನ ತುಂಡುಗಳನ್ನು ಬಿಚ್ಚಿ ತಗಡಿನ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದ ಮೇಲೆ ಗ್ರೈಂಡರ್ ಕಿರುಚತೊಡಗುತ್ತದೆ. ಮಡಚುವ ಯಂತ್ರವಿಲ್ಲದ ಅಂಗಡಿಯಲ್ಲಿ ದಪ್ಪ ತಗಡನ್ನು ಮಡಚುವ ಬಗೆ ನೋಡಬೇಕು: ಮಡಿಕೆಯ ಗೆರೆಯುದ್ದಕ್ಕೂ ಅರ್ಧ ದಪ್ಪಕ್ಕೆ ಸೀಳು ಹಾಕಿ, ಸುತ್ತಿಗೆಯಿಂದ ಬಾಗಿಸಿ, ಸೀಳಿಗೆ ಮತ್ತೆ ವೆಲ್ಡ್ ತುಂಬಿ, ಉಜ್ಜಿ ನುಣುಪು ಮಾಡುತ್ತಾರೆ. ಬಣ್ಣ ಹೊಡೆದ ಮೇಲೆ ಕಾರ್ಖಾನೆಯ ಮಡಿಕೆಯೋ ಅಂಗಡಿಯದೋ ಗೊತ್ತಾಗದು. ಒಂದೇ ಉಸಿರಿಗೆ ಉದ್ದಕ್ಕೂ ವೆಲ್ಡ್ ಎಳೆದರೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಪಳಗಿದವನು ಅಲ್ಲಲ್ಲಿ ಟ್ಯಾಕ್ ಎಂಬ ಚುಕ್ಕಿ ಬೆಸುಗೆ ಹಾಕಿ, ಎಡಕ್ಕೊಂದು ಬಲಕ್ಕೊಂದು ಗಿಡ್ಡ ಬೆಸುಗೆ ಕೊಡುತ್ತಾ, ನಡುವೆ ಟೀ ಕುಡಿದು ಬರುತ್ತಾನೆ. ಆ ಟೀ ಸೋಮಾರಿತನವಲ್ಲ, ಉಕ್ಕು ಆರಲು ಕೊಟ್ಟ ಬಿಡುವು. ಗಾಡಿಯ ಮೇಲೆ ಟ್ಯಾಕ್ ಹಾಕುವ ಮುನ್ನ ಬ್ಯಾಟರಿ ತಂತಿ ಕಳಚಬೇಕು, ಇಲ್ಲದಿದ್ದರೆ ಈಗಿನ ಗಾಡಿಗಳ ಎಲೆಕ್ಟ್ರಾನಿಕ್ಸ್‌ಗೆ ಅಪಾಯ. ಕೆಳಭಾಗದಲ್ಲಿ ನೀರಿಳಿಯಲು ತೂತು ಬಿಡದಿದ್ದರೆ ಮಲೆನಾಡಿನ ಎರಡು ಮಳೆಗಾಲ ಸಾಕು, ಒಳಗಿನಿಂದಲೇ ತುಕ್ಕು.

ದಪ್ಪ ಎಷ್ಟಿರಬೇಕು? ಗಿರಾಕಿ ಯಾವಾಗಲೂ ಹೆಚ್ಚೇ ಕೇಳುತ್ತಾನೆ. ಒಂದು ಚದರ ಮೀಟರ್ 5 ಮಿ.ಮೀ. ತಗಡು ಸುಮಾರು 39 ಕಿಲೋ ತೂಗುತ್ತದೆ. ಅದರ ಮೇಲೆ ವಿಂಚ್ ಕೂತರೆ ಒಬ್ಬ ಆಳನ್ನು ಮುಂದಿನ ಅಚ್ಚಿಗಿಂತಲೂ ಆಚೆ ಕೂರಿಸಿಕೊಂಡು ತಿರುಗಿದ ಹಾಗೆ. ಸ್ಪ್ರಿಂಗು ಕುಸಿಯುತ್ತದೆ, ಹೆಡ್‌ಲೈಟು ನೆಲ ನೋಡುತ್ತದೆ. ಅಷ್ಟಕ್ಕೂ ತಗಡಿನ ದಪ್ಪ ದೊಡ್ಡ ಸಂಗತಿಯೇ ಅಲ್ಲ. ಹೂತ ಗಾಡಿಯನ್ನು ಎಳೆಯುವಾಗ ಬೀಳುವ ಬಲವೆಲ್ಲ ಹಾದುಹೋಗುವುದು ಹಿಂದಿರುವ ಎರಡು ಬ್ರಾಕೆಟ್ಟು ಮತ್ತು ಬೆರಳೆಣಿಕೆಯ ಬೋಲ್ಟುಗಳ ಮೂಲಕ. ಎಳೆಯುವ ಬೆಲ್ಟಿನ ಕೊಂಡಿಯಾದ ಶ್ಯಾಕಲ್ ಹಾಕುವ ಕಿವಿಯನ್ನು ಬಂಪರಿನ ಮುಖಕ್ಕೆ ಬರೀ ಅಂಟಿಸಿದರೆ ಒಂದು ದಿನ ಅದು ಕಿತ್ತು ಬರುತ್ತದೆ, ಬಿಗಿದ ಬೆಲ್ಟಿನ ಜೊತೆ ಗುಂಡಿನಂತೆ ಹಾರುತ್ತದೆ. ಕಿವಿ ತಗಡನ್ನು ತೂರಿ ಹಿಂದಿನ ಬ್ರಾಕೆಟ್ಟಿಗೇ ಸೇರಬೇಕು, ಎರಡೂ ಬದಿ ವೆಲ್ಡ್ ಆಗಬೇಕು. ನನ್ನ ಮಟ್ಟಿಗೆ ಇಡೀ ಬಂಪರ್ ಎಂದರೆ ಈ ಎರಡು ಕಿವಿಗಳೇ; ಉಳಿದದ್ದೆಲ್ಲ ಅವುಗಳ ಹೊದಿಕೆ.

ತೋಟದ ದಾರಿಯಲ್ಲಿ ಕಾಪಾಡುವ ಈ ಗಟ್ಟಿತನವೇ ಡಾಂಬರು ರಸ್ತೆಯಲ್ಲಿ ತಿರುಗಿ ಬೀಳುತ್ತದೆ. ಈಗಿನ ಗಾಡಿಗಳ ಮೂತಿ ನಜ್ಜುಗುಜ್ಜಾಗಲೆಂದೇ ಮಾಡಿದ್ದು: ಅದು ಮುದುಡುತ್ತಾ ಹೊಡೆತ ನುಂಗುತ್ತದೆ, ಗಾಡಿ ಎಷ್ಟು ಬೇಗ ನಿಲ್ಲುತ್ತಿದೆ ಎಂಬುದನ್ನು ಸೆನ್ಸರ್ ಅಳೆದು ಏರ್‌ಬ್ಯಾಗ್ ಬಿಚ್ಚುತ್ತದೆ. ನಡುವೆ ಉಕ್ಕಿನ ತೊಲೆ ಬಂದರೆ ಆ ಲೆಕ್ಕ ತಪ್ಪುತ್ತದೆ. ಅಡ್ಡ ಬಂದ ಪಾದಚಾರಿಯ ಗತಿ ಹೇಳಬೇಕಾಗಿಲ್ಲ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ಇಂಥ ಕ್ರ್ಯಾಶ್ ಗಾರ್ಡು, ಬುಲ್ ಬಾರುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆಯಿತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ. ಕಾಂಗರೂ ಇಲ್ಲದ ಬೆಂಗಳೂರಿನ ವರ್ತುಲ ರಸ್ತೆಯಲ್ಲಿ ಬುಲ್ ಬಾರ್ ಹೊತ್ತು ತಿರುಗುವವರ ಬಗ್ಗೆ ನನಗಂತೂ ಕನಿಕರವಿಲ್ಲ.

ಏರ್‌ಬ್ಯಾಗಿನ ಹೆಸರೇ ಕೇಳದ ಹಳೆಯ ಮಹೀಂದ್ರಾ ಎಂಎಂ 540 ಜೀಪಿನ ಮಾತು ಬೇರೆ. ಅದರ ಚಾಸಿಸ್ಸು, ಚಾನಲ್ಲು ಹುಟ್ಟಿದ್ದೇ ಹಗ್ಗ ಬೀಳಲೆಂದು. ಅಂಥದ್ದೊಂದನ್ನು ಕೈಯಾರೆ ಕಟ್ಟಿದ ಬಂಪರ್ ಸಮೇತ ಯಾರಾದರೂ ಮಾರಲು ತಂದರೆ, ಮುಂದೆ ನಿಂತು ಬಣ್ಣ ನೋಡುತ್ತಾ ಕಾಲ ಕಳೆಯಬೇಡಿ. ಕೆಳಗೆ ಬಗ್ಗಿ ಟಾರ್ಚು ಹಾಕಿ, ಕಿವಿಯ ಹಿಂಬದಿಯ ವೆಲ್ಡ್ ಎಲ್ಲಿಗೆ ಸೇರಿದೆ ನೋಡಿ; ಅದು ತಗಡಿನಲ್ಲೇ ಮುಗಿದಿದ್ದರೆ ಬಂಪರನ್ನು ಗುಜರಿ ಲೆಕ್ಕಕ್ಕೆ ಹಿಡಿದು ಚೌಕಾಸಿ ಶುರುಮಾಡಿ.