ಹೊಲವನ್ನು ಆಕಾಶದಿಂದ ಓದುವ ವಿದ್ಯೆ

ಹೊಲದ ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ದಿಣ್ಣೆಯಲ್ಲಿ ಬೆಳೆ ಮೊದಲು ಬಾಡುತ್ತದೆ ಎಂಬುದನ್ನು ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇದೇ ಸಂಗತಿಯನ್ನು ಇಡೀ ತಾಲ್ಲೂಕಿಗೆ ತಿಳಿಯಬೇಕಾದರೆ ನಡೆದು ನೋಡಿ ಪೂರೈಸುವುದಿಲ್ಲ. ನೆಲದ ಮೇಲಿನ ಸಂಗತಿಗಳನ್ನು ಅವು ಇರುವ ಸ್ಥಳದೊಡನೆ ಅಳೆದು, ನಕ್ಷೆಗೆ ಇಳಿಸಿ, ಬಳಕೆಗೆ ತರುವುದನ್ನು ಕಲಿಸುವ ಶಾಸ್ತ್ರವೇ ಅನ್ವಯಿಕ ಭೂಗೋಳ ಮತ್ತು ಭೂಮಾಹಿತಿ ವಿಜ್ಞಾನ. ಮಕ್ಕಳನ್ನು ಈ ವ್ಯಾಸಂಗಕ್ಕೆ ಸೇರಿಸಬಹುದೇ, ಇದರಿಂದ ಬೇಸಾಯಕ್ಕೇನು ಲಾಭ ಎಂದು ರೈತರು ನಮ್ಮನ್ನು ಕೇಳುವುದುಂಟು.

ಏನನ್ನು ಕಲಿಸಲಾಗುತ್ತದೆ?

ಮುಖ್ಯವಾಗಿ ಮೂರು ಸಾಧನಗಳ ಬಳಕೆಯನ್ನು ಇಲ್ಲಿ ಕಲಿಸಲಾಗುತ್ತದೆ.

1. ಸ್ಥಾನ ನಿರ್ಣಯ: ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳನ್ನು ಹಿಡಿದು, ನಾವು ನಿಂತ ಜಾಗವನ್ನು ಲೆಕ್ಕ ಹಾಕುವುದು. ನಮ್ಮ ಕೈಯ ಮೊಬೈಲ್ ಫೋನ್ ಮಾಡುವುದೂ ಇದನ್ನೇ. ಬಯಲಿನಲ್ಲಿಯೂ ಕೆಲವು ಮೀಟರುಗಳ ವ್ಯತ್ಯಾಸ ಇರುತ್ತದೆ. ಮರದಡಿಯಲ್ಲಿ ಅದು ಹೆಚ್ಚುತ್ತದೆ.

2. ದೂರಸಂವೇದಿ: ಆರೋಗ್ಯವಂತ ಎಲೆಯು ಆಹಾರ ತಯಾರಿಕೆಗಾಗಿ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನು ಬಹುಪಾಲು ಹಿಂದಕ್ಕೆ ಚೆಲ್ಲುತ್ತದೆ. ಬೆಳೆ ಸೊರಗಿದಾಗ ಇವೆರಡರ ನಡುವಣ ಅಂತರ ಕುಗ್ಗುತ್ತದೆ. ಉಪಗ್ರಹವು ಅಳೆಯುವುದು ಈ ಅಂತರವನ್ನು.

3. ಭೌಗೋಳಿಕ ಮಾಹಿತಿ ವ್ಯವಸ್ಥೆ: ಮಣ್ಣು, ಇಳಿಜಾರು, ಹಳ್ಳ, ಮಳೆ, ಸರ್ವೆ ನಂಬರಿನ ಗಡಿ ಇವುಗಳ ನಕ್ಷೆಗಳನ್ನು ಪಾರದರ್ಶಕ ಹಾಳೆಗಳಂತೆ ಒಂದರ ಮೇಲೊಂದು ಇರಿಸಿ ನೋಡುವುದು. ಕೃಷಿ ಹೊಂಡ, ತಡೆ ಅಣೆಗಳಿಗೆ ಸೂಕ್ತ ಜಾಗವನ್ನು ಹೀಗೆ ಗುರುತಿಸಬಹುದು.

ಒಂದು ಚೌಕ, ಒಂದು ಗುಂಟೆ

1988ರಲ್ಲಿ ಹಾರಿಬಿಟ್ಟ ನಮ್ಮ ದೇಶದ ಐ.ಆರ್.ಎಸ್.-1ಎ ಉಪಗ್ರಹದ ಉತ್ತಮ ಕ್ಯಾಮರಾದ ಚಿತ್ರದಲ್ಲಿ ಒಂದೊಂದು ಚೌಕದ ಬದಿ ಸುಮಾರು 36 ಮೀಟರು. ಎಂದರೆ ಹದಿಮೂರು ಗುಂಟೆಗೆ ಒಂದೇ ಬಣ್ಣ. 2015ರಿಂದ ಹಾರುತ್ತಿರುವ ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳ ಚೌಕದ ಬದಿ 10 ಮೀಟರು, ವಿಸ್ತೀರ್ಣ 100 ಚದರ ಮೀಟರು. ನಮ್ಮ ಗುಂಟೆ ಸುಮಾರು 101 ಚದರ ಮೀಟರು! ಎಕರೆಗೆ ಹೆಚ್ಚುಕಡಿಮೆ ನಲವತ್ತು ಚೌಕಗಳು ದೊರೆಯುತ್ತವೆ. ಈ ಚಿತ್ರಗಳನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು.

ಆದರೂ ಮಿತಿಗಳಿವೆ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ ಹಾಕಿದ್ದರೆ ಎರಡೂ ಬೆಳೆ ಒಂದೇ ಚೌಕದಲ್ಲಿ ಬೆರೆತುಹೋಗುತ್ತವೆ. ಮುಂಗಾರಿನ ಮೋಡ ಕವಿದಾಗ ಇಂತಹ ಕ್ಯಾಮರಾಕ್ಕೆ ನೆಲವೇ ಕಾಣುವುದಿಲ್ಲ. ಆಗ ಮೋಡವನ್ನು ತೂರಿ ನೋಡುವ ರೇಡಾರ್ ಉಪಗ್ರಹಗಳನ್ನು ಅವಲಂಬಿಸಬೇಕಾಗುತ್ತದೆ.

ಒಮ್ಮೆ ವಿದ್ಯಾರ್ಥಿಯೊಬ್ಬ ಬೇಸಿಗೆಯ ಚಿತ್ರದಲ್ಲಿ ಕೆರೆಯಂಗಳ ಹಸಿರಾಗಿರುವುದನ್ನು ಕಂಡು ನೀರಾವರಿ ಬೆಳೆ ಎಂದು ನಕ್ಷೆಯಲ್ಲಿ ಗುರುತಿಸಿದ್ದ. ಅವನನ್ನು ಕರೆದುಕೊಂಡು ಆ ಊರಿಗೆ ಹೋದೆ. ಕೆರೆ ಏರಿಯ ಮೇಲೆ ಕುರಿ ಮೇಯಿಸುತ್ತಿದ್ದ ಹಿರಿಯರು ನಕ್ಕು, "ಅದು ಬಳ್ಳಾರಿ ಜಾಲಿ ಸ್ವಾಮಿ, ಕೆರೆಗೆ ನೀರು ಬಂದು ಎಷ್ಟು ವರ್ಷವಾಯಿತೋ" ಎಂದರು. ಯಂತ್ರದ ಲೆಕ್ಕದಲ್ಲಿ ದೋಷವಿರಲಿಲ್ಲ. ಹಸಿರು ಹಸಿರೇ. ಅದು ಯಾವುದರ ಹಸಿರು ಎಂಬುದನ್ನು ನೆಲವೇ ಹೇಳಬೇಕಾಗಿತ್ತು. ಈ ಶಾಸ್ತ್ರದಲ್ಲಿ ಕ್ಷೇತ್ರ ಪರಿಶೀಲನೆಗೆ ಮಹತ್ವವಿರುವುದು ಇದಕ್ಕಾಗಿಯೇ.

ರೈತರು ಗಮನಿಸಬೇಕಾದದ್ದು

ನಮ್ಮ ರಾಜ್ಯದಲ್ಲಿ 2020ರ ಮುಂಗಾರಿನಿಂದ ರೈತರು ತಾವೇ ಮೊಬೈಲಿನಲ್ಲಿ ಹೊಲದ ಚಿತ್ರ ತೆಗೆದು ಬೆಳೆ ಸಮೀಕ್ಷೆಗೆ ಕಳುಹಿಸಲು ಅವಕಾಶವಾಯಿತು. ಬೆಳೆ ವಿಮೆ, ಬೆಂಬಲ ಬೆಲೆ, ಬೆಳೆ ಹಾನಿ ಪರಿಹಾರಗಳಿಗೆ ಈ ದಾಖಲೆಯನ್ನು ಬಳಸಲಾಗುತ್ತದೆ. ತೊಗರಿ ಬೆಳೆದವರ ಹೆಸರಿನಲ್ಲಿ ಪಾಳು ಎಂದು ದಾಖಲಾದರೆ ನಷ್ಟ ಅನುಭವಿಸುವವರು ಅವರೇ. ಆದ್ದರಿಂದ:

- ಬದುವಿನ ಮೇಲಾಗಲಿ ಮರದ ಕೆಳಗಾಗಲಿ ನಿಲ್ಲದೆ, ಹೊಲದ ನಡುವೆ ನಿಂತು ಚಿತ್ರ ತೆಗೆಯಿರಿ.
- ಸರ್ವೆ ನಂಬರು, ಹಿಸ್ಸಾ ಸರಿಯಾಗಿವೆಯೇ ನೋಡಿಕೊಳ್ಳಿರಿ.
- ಮಿಶ್ರ ಬೆಳೆಯಿದ್ದರೆ ಪ್ರತಿಯೊಂದನ್ನೂ ವಿಸ್ತೀರ್ಣ ಸಹಿತ ನಮೂದಿಸಿರಿ.
- ತಪ್ಪು ಕಂಡಲ್ಲಿ ತಡಮಾಡದೆ ಆಕ್ಷೇಪಣೆ ಸಲ್ಲಿಸಿರಿ.

ವ್ಯಾಸಂಗ ಎಲ್ಲಿ?

ಮೈಸೂರು ವಿಶ್ವವಿದ್ಯಾಲಯ ಮತ್ತು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಗಳಲ್ಲಿ ಭೂಗೋಳಶಾಸ್ತ್ರ ವಿಭಾಗಗಳಿವೆ. 1966ರಲ್ಲಿ ಸ್ಥಾಪನೆಯಾದ ಡೆಹರಾಡೂನಿನ ದೂರಸಂವೇದಿ ಸಂಸ್ಥೆಯು ಈ ವಿಷಯಕ್ಕೇ ಮೀಸಲಾದದ್ದು. ಪ್ರವೇಶದ ನಿಯಮಗಳು ಒಂದೊಂದು ಕಡೆ ಒಂದೊಂದು ರೀತಿ ಇರುವುದರಿಂದ ಮೊದಲೇ ವಿಚಾರಿಸಿ ತಿಳಿಯುವುದು ಒಳ್ಳೆಯದು. ಗಣಿತ, ಸಂಖ್ಯಾಶಾಸ್ತ್ರಗಳ ಅಂಜಿಕೆ ಬಿಟ್ಟು, ಬಿಸಿಲಿನಲ್ಲಿ ನಡೆಯುವ ಅಭ್ಯಾಸವಿಟ್ಟುಕೊಂಡವರಿಗೆ ಈ ವಿದ್ಯೆ ಒಗ್ಗುತ್ತದೆ.

ಕಂಪ್ಯೂಟರನ್ನು ಆರು ತಿಂಗಳಲ್ಲಿ ಕಲಿಯಬಹುದು. ಜಾಲಿಯ ಹಸಿರಿಗೂ ಜೋಳದ ಹಸಿರಿಗೂ ಇರುವ ವ್ಯತ್ಯಾಸವನ್ನು ಅರಿಯಲು ಹೊಲದ ಒಡನಾಟ ಬೇಕು. ರೈತರ ಮಕ್ಕಳಿಗೆ ಇದು ಮನೆಯಲ್ಲಿಯೇ ದೊರೆತಿರುವ ಬಂಡವಾಳ. ಅವರು ಈ ವಿದ್ಯೆಗೆ ಬಂದಷ್ಟೂ ನಮ್ಮ ಊರಿನ ನಕ್ಷೆಗಳಲ್ಲಿ ತಪ್ಪು ಕಡಿಮೆಯಾಗುತ್ತದೆ.