ಎಡೆದೊರೆಯ ಧೂಳು, ಮೋಟಾರಿನ ಶ್ವಾಸ

ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನಲ್ಲಿ, ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಮಾನ್ವಿಯ ಭತ್ತದ ಗದ್ದೆಗಳಿಗೆ ಕೊಯ್ಲಿನ ಯಂತ್ರಗಳಿಳಿದಾಗ ಏಳುವ ಹೊಟ್ಟು, ದೇವದುರ್ಗದ ಎರೆಹೊಲಗಳ ಬದಿಯಲ್ಲಿ ಹತ್ತಿ ಹೇರಿದ ಟ್ರ್ಯಾಕ್ಟರುಗಳು ಎಬ್ಬಿಸುವ ನುಣ್ಣನೆಯ ಧೂಳು, ರಾಯಚೂರು ನಗರದಾಚೆ ಶಕ್ತಿನಗರದ ವಿದ್ಯುತ್ ಸ್ಥಾವರದ ಹಾರುಬೂದಿ, ಇವೆಲ್ಲವೂ ಮನುಷ್ಯನ ಶ್ವಾಸಕ್ಕೆ ಒದಗುವಂತೆಯೇ ಮೋಟಾರಿನ ಶ್ವಾಸಕ್ಕೂ ಒದಗುವುವು. ಒಂದು ಲೀಟರ್ ಪೆಟ್ರೋಲು ಸಮರ್ಪಕವಾಗಿ ದಹಿಸಲು 9,000 ಲೀಟರಿಗೂ ಮಿಕ್ಕ ಗಾಳಿ ಬೇಕೆಂಬುದನ್ನು ನೆನೆದರೆ, ಆ ಗಾಳಿಯನ್ನು ಸೋಸುವ ಅಲ್ಪವೆಚ್ಚದ ಕಾಗದದ ಏರ್ ಫಿಲ್ಟರಿನ ಮಹತ್ತ್ವ ತಾನಾಗಿ ವಿದಿತವಾಗುವುದು.

ಆದರೆ ಸಣ್ಣ ಕಾರಿನ ತರುಣ ಒಡೆಯರಿಗೆ ಪ್ರಿಯವಾದುದು, ಕಂಪನಿಯ ಪೆಟ್ಟಿಗೆಯನ್ನು ಕಳಚಿ ಬಾನೆಟ್ಟಿನಡಿ ಕೂರಿಸುವ ಶಂಕುವಿನಾಕಾರದ ತೆರೆದ ಫಿಲ್ಟರು. ಅದರ ಘರ್ಜನೆ ರಮ್ಯವೇ. ಶಕ್ತಿ ಹೆಚ್ಚಿತೆಂದು ಕಿವಿ ನಂಬುವುದು, ಚಕ್ರ ನಂಬದು. ಮೂಲ ಕೊಳವೆ ಮುಂಭಾಗದ ಹೊರಗಾಳಿಯನ್ನು ಸೆಳೆದರೆ, ಇದು ಸೆಳೆಯುವುದು ಎಂಜಿನ್ನಿನ ಮಗ್ಗುಲಿನ ಬಿಸಿಗಾಳಿಯನ್ನು: ವೈಶಾಖದ 40 ಡಿಗ್ರಿಯ ಗಾಳಿ ಅಲ್ಲಿ 60ಕ್ಕೇರಿತೆಂದರೆ ಅದರ ಸಾಂದ್ರತೆ ನೂರಕ್ಕೆ ಆರರಷ್ಟು ಕುಗ್ಗುವುದು. ಬಂಪರಿನ ಹಿಂದಕ್ಕಿಳಿಸುವ ಉದ್ದನೆಯ ತಂಪುಗಾಳಿಯ ಕೊಳವೆ ಈ ದೋಷವನ್ನು ನೀಗುವುದಾದರೂ, ಹಳ್ಳ ರಸ್ತೆಯ ಮೇಲೆ ಹರಿಯುವ ದಿನ ಅದು ನೀರನ್ನೇ ಹೀರಿ ಕನೆಕ್ಟಿಂಗ್ ರಾಡನ್ನು ಬಗ್ಗಿಸಬಲ್ಲುದು.

ಮೂಲ ಪೆಟ್ಟಿಗೆಯಲ್ಲಿಯೇ ಕೂರುವ, ಎಣ್ಣೆ ಸವರಿದ ಹತ್ತಿಬಲೆಯ ಫಿಲ್ಟರು ಇವೆರಡಕ್ಕಿಂತ ಸಭ್ಯವಾದುದು. 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಕೆ ಅಂಡ್ ಎನ್ ಸಂಸ್ಥೆ ಇದಕ್ಕೆ ಪ್ರಖ್ಯಾತಿ ತಂದಿತು. (ರಾಯಚೂರಿನ ಹತ್ತಿ ಮಾರುಕಟ್ಟೆಯ ಪಕ್ಕದಲ್ಲಿ ಹತ್ತಿಯನ್ನೇ ಇಷ್ಟು ದುಬಾರಿಗೆ ಕೊಳ್ಳುವುದು ನನಗೆ ವಿನೋದವಾಗಿಯೇ ಕಾಣುತ್ತದೆ.) ಇದನ್ನು ತೊಳೆದು, ನೆರಳಲ್ಲಿ ಒಣಗಿಸಿ, ಮಿತವಾಗಿ ಎಣ್ಣೆ ಹಾಕಿ ಮತ್ತೆ ಬಳಸಬಹುದು; ಆದರೆ ಎಣ್ಣೆ ಅತಿಯಾದರೆ, ಗಾಳಿಯಳೆಯುವ ಬಿಸಿತಂತಿಯ ಸೆನ್ಸರ್ ಇರುವ ಕಾರುಗಳಲ್ಲಿ ಅದು ಹೋಗಿ ತಂತಿಗೆ ಮೆತ್ತಿಕೊಳ್ಳುವುದು. ಗಾಳಿಗೆ ಸರಾಗ ದಾರಿ ಕೊಡುವ ಈ ಬಲೆಗಿಂತ ಕಾಗದವೇ ಸಾಮಾನ್ಯವಾಗಿ ಅತಿಸೂಕ್ಷ್ಮ ಕಣಗಳನ್ನು ಹೆಚ್ಚಾಗಿ ತಡೆಯುವುದು; ಸಿಲಿಂಡರಿನ ಗೋಡೆಯನ್ನು ಸವೆಸುವವು ಆ ಕಣಗಳೇ.

ಮೈಲೇಜಿನ ಆಸೆಯೂ ಇಲ್ಲಿ ಫಲಿಸದು. ಆಧುನಿಕ ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯನ್ನು ತಡೆಹಿಡಿಯುವುದು ಬಹುತೇಕ ಥ್ರಾಟಲ್ ಕವಾಟವಾದುದರಿಂದ, ಫಿಲ್ಟರು ಕಟ್ಟಿದರೂ ವೇಗೋತ್ಕರ್ಷ ತಗ್ಗುವುದೇ ಹೊರತು ಇಂಧನವ್ಯಯ ಹೆಚ್ಚುಕಡಿಮೆ ಬದಲಾಗದೆಂದು 2009ರಲ್ಲಿಯೇ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ ಅಳೆದು ತೋರಿಸಿತು.

ಆದುದರಿಂದ ಈ ಸೀಮೆಯಲ್ಲಿ ನನ್ನ ಮತ ಕಾಗದದ ಕಡೆಗೇ, ಆದರೆ ಕೈಪಿಡಿ ಹೇಳಿದ ಅವಧಿಗಿಂತ ಮೊದಲೇ, ಸುಗ್ಗಿ ಮುಗಿದೊಡನೆ, ಬದಲಿಸತಕ್ಕದ್ದು. ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ರಭಸವಾಗಿ ಊದಿಸಿದರೆ ಕಾಗದ ಸೀಳುವುದು. ಹೊಸದನ್ನಿಟ್ಟ ಮೇಲೆ ಅಂಚಿನ ರಬ್ಬರು ಸುತ್ತಲೂ ಕೂತಿದೆಯೇ, ಮುಚ್ಚಳದ ಕ್ಲಿಪ್ಪುಗಳು ಬಿಗಿದಿವೆಯೇ ಎಂಬುದನ್ನು ಮೆಕ್ಯಾನಿಕ್ಕಿಗೆ ಬಿಡದೆ ಬೆರಳಾಡಿಸಿ ತಾವೇ ನೋಡಿಕೊಳ್ಳತಕ್ಕದ್ದು.