ಗೌರವವೋ, ಆರಾಧನೆಯೋ?

ಮುಂಬಯಿಯಲ್ಲಿ ಬೆಳೆದ ನಿಮಗೆ ಸೆಪ್ಟೆಂಬರ್ ತಿಂಗಳ ಬಾಂದ್ರಾ ಜಾತ್ರೆ ಹೊಸತಲ್ಲ. ಮೌಂಟ್ ಮೇರಿ ಗುಡಿಯಲ್ಲಿ ಕೈಕಾಲಿನ ಆಕಾರದ ಮೇಣದ ಹರಕೆ ಒಪ್ಪಿಸುವವರಲ್ಲಿ ಹಿಂದೂಗಳೂ ಇರುತ್ತಾರೆ. ಆದರೆ ನಿಮ್ಮ ಪ್ರಾಟೆಸ್ಟಂಟ್ ಗೆಳೆಯ ‘ನಾನು ಬರುವುದಿಲ್ಲ’ ಎಂದರೆ ಅಚ್ಚರಿಪಡಬೇಡಿ. ಅದರ ಹಿಂದೆ ಯುರೋಪಿನಲ್ಲಿ ಹುಟ್ಟಿದ ಐನೂರು ವರ್ಷಗಳ ವಾದವಿದೆ.

ದೇವರಿಗೂ ಮನುಷ್ಯರಿಗೂ ನಡುವೆ ಕ್ರಿಸ್ತನೊಬ್ಬನೇ ಮಧ್ಯಸ್ಥನೆಂದು ಬೈಬಲ್ ಹೇಳುವಾಗ ಸಂತರಿಗೆ ಮೊರೆಯಿಡುವುದೇಕೆ? ಇದು ಅಂದಿನ ಸುಧಾರಕರ ಪ್ರಶ್ನೆ. 1524ರಲ್ಲಿ ಜೂರಿಚ್ ನಗರದ ಚರ್ಚುಗಳಿಂದ ಸಂತರ ಮೂರ್ತಿಗಳನ್ನೇ ತೆಗೆಸಲಾಯಿತು.

ಕೆಥೊಲಿಕರ ಉತ್ತರ ಇನ್ನೂ ಹಳೆಯದು. ಆರಾಧನೆ ದೇವರಿಗೆ ಮಾತ್ರ; ಪವಿತ್ರ ಚಿತ್ರಗಳಿಗೆ ಸಲ್ಲುವುದು ಗೌರವ ಎಂದು 787ರಲ್ಲೇ ನೈಸಿಯಾದ ಎರಡನೆಯ ಮಹಾಸಭೆ ಹೇಳಿತ್ತು. 1563ರಲ್ಲಿ ಟ್ರೆಂಟ್ ಮಹಾಸಭೆ ಇದನ್ನು ಎತ್ತಿಹಿಡಿಯಿತು. ಜೊತೆಗೆ ಮೂಢನಂಬಿಕೆಯನ್ನೂ ಹಣದಾಸೆಯನ್ನೂ ತೊಲಗಿಸಬೇಕೆಂದಿತು. ‘ನನಗಾಗಿ ಪ್ರಾರ್ಥಿಸು ಎಂದು ಸ್ನೇಹಿತನನ್ನು ಕೇಳುವುದಿಲ್ಲವೆ? ಸಂತರನ್ನೂ ಹಾಗೆಯೇ ಕೇಳುತ್ತೇವೆ’ ಎಂಬುದು ಅವರ ವಾದ. ‘ತೀರಿಕೊಂಡವರನ್ನು ಕೇಳಿರೆಂದು ಬೈಬಲ್ ಎಲ್ಲಿ ಹೇಳಿದೆ?’ ಎಂಬುದು ಪ್ರಾಟೆಸ್ಟಂಟರ ಮರುಪ್ರಶ್ನೆ.

ಹಾಗೆಂದು ಇವರು ಪೂರ್ತಿ ಎದುರುಬದುರು ನಿಂತವರೇನಲ್ಲ. ಸುಧಾರಣೆಯ ನಾಯಕ ಮಾರ್ಟಿನ್ ಲೂಥರ್ ತಾನೇ 1521ರಲ್ಲಿ ಮೇರಿಯ ಸ್ತುತಿಗೀತೆಗೆ ಗೌರವದಿಂದ ವ್ಯಾಖ್ಯಾನ ಬರೆದ. ಇತ್ತ 2025ರ ನವೆಂಬರಿನಲ್ಲಿ ವ್ಯಾಟಿಕನ್, ಮೇರಿಯನ್ನು ‘ಸಹವಿಮೋಚಕಿ’ ಎಂದು ಕರೆಯುವುದು ಯುಕ್ತವಲ್ಲ ಎಂದಿತು. ಕ್ರಿಸ್ತನ ಸ್ಥಾನ ಮಸುಕಾಗಬಾರದೆಂಬುದೇ ಕಾರಣ.

ಸಂತರನ್ನು ಗೌರವಿಸಬೇಕೆಂಬುದರಲ್ಲಿ ಇಬ್ಬರಿಗೂ ಜಗಳವಿಲ್ಲ. ಆ ಗೌರವ ಎಲ್ಲಿಗೆ ನಿಲ್ಲಬೇಕು ಎಂಬುದರಲ್ಲಿದೆ. ಆದ್ದರಿಂದ ಒಬ್ಬನನ್ನು ವಿಗ್ರಹಪೂಜಕನೆಂದೂ ಮತ್ತೊಬ್ಬನನ್ನು ಭಕ್ತಿಯಿಲ್ಲದವನೆಂದೂ ಹೀಗಳೆಯುವವರ ಜೊತೆ ನೀವು ದನಿಗೂಡಿಸಬೇಡಿ. ಇಬ್ಬರನ್ನೂ ಕೇಳಿ ತಿಳಿದುಕೊಳ್ಳಿ.